ಅವಳು ನೋಡುತ್ತಿದ್ದ ಸಮುದ್ರ

ಹೆಂಡತಿ ಇನ್ನಿಲ್ಲವೆಂದು ಆಸ್ಪತ್ರೆಯಿಂದ ಫೋನ್ ಬಂದ ದಿನವೇ ಗಡಿಯಾರ ರಿಪೇರಿಯ ಮುದುಕ ಅವಳ ವಿಆರ್ ಹೆಡ್‌ಸೆಟ್ಟನ್ನು ತಲೆಗೆ ಬಿಗಿದುಕೊಂಡು ಖಾಲಿ ಮಂಚದ ಮೇಲೆ ಕುಳಿತ. ಹಾಸಿಗೆ ಹಿಡಿದ ಮೇಲೆ ಅವಳು ದಿನವೂ ಅದರಲ್ಲಿ ಸಮುದ್ರ ನೋಡುತ್ತಿದ್ದಳು. ತಾನೂ ಒಮ್ಮೆ ನೋಡಲೇಬೇಕೆಂದು ಅವನ ಹಟ.

"ಹಾಳಾದ್ದು! ಮೂಗು ಮುರಿಯೋ ಭಾರ, ಒಳಗೆಲ್ಲ ಬರೀ ಮಂಜು. ನಿಮ್ಮಮ್ಮ ಇದನ್ನ ಹೇಗೆ ತಡ್ಕೊಂಡ್ಳೋ!"

"ಹಾಕ್ಕೊಂಡು ಅತ್ರೆ ಗಾಜು ಮಂಜಾಗದೆ ಇನ್ನೇನಾಗತ್ತಪ್ಪಾ?" ಎಂದಳು ಮಗಳು, ತಾನೂ ಮೂಗು ಒರೆಸಿಕೊಳ್ಳುತ್ತ.

ಮೂರು ಸಲ ಒರೆಸಿದರೂ ಸಮುದ್ರ ಬರಲಿಲ್ಲ. ಬದಲಿಗೆ, 'ಓಡಾಡುವ ಜಾಗಕ್ಕೆ ಹಳೆಯ ಗೆರೆಯೇ ಸಾಕೇ?' ಎಂದು ಹೆಡ್‌ಸೆಟ್ಟು ಕೇಳಿತು. ಹಾಕಿಕೊಂಡವರು ಆಚೆ ಹೋಗಿ ಎಡವದಿರಲೆಂದು ಹೆಂಡತಿ ಅದರಲ್ಲಿ ಎಳೆದಿದ್ದ ನೀಲಿ ಗೆರೆ ಅವನ ಸುತ್ತ ಹೊಳೆಯಿತು. ಮಂಚದಷ್ಟೇ ಉದ್ದ, ಮಂಚದಷ್ಟೇ ಅಗಲ.

ಬೈಯಲು ಬಾಯಿ ತೆರೆದವನು ಕೈಮುಗಿದ. "ದೇವರೇ, ಇನ್ನಾದ್ರೂ ಅವಳನ್ನ ಕಾಲು ಬೀಸಿ ನಡೆಯೋಕೆ ಬಿಡು. ಆ ಜೀವಕ್ಕೆ ಶಾಂತಿ ಕೊಡು."