ಎರಡು ಸಾಲು ಹೊಲಿಗೆ

"ಈ ಪಟ್ಟಿಗೆ ತೇಪೆ ಹಾಕಿದೋರು ಯಾರು?" ಕಾರಿನ ಹಿಂದಿನ ಬಾಗಿಲಿನಿಂದ ತಲೆ ಹೊರಗೆ ಹಾಕಿ ಮೆಕ್ಯಾನಿಕ್ ಕೇಳಿದ. ಹಿಂದಿನ ಬಲ್ಬು ಬದಲಿಸಲು ಬಗ್ಗಿದವನ ಕಣ್ಣು ಮಗುವಿನ ಸೀಟಿನ ಮೇಲೆ ಬಿದ್ದಿತ್ತು.

ಟೈಲರ್ ಮಾಸ್ಟರ್ ಎದೆ ಉಬ್ಬಿಸಿದ. "ನಾನೇ. ಮಗಳು ಬೆಳೆದುಬಿಟ್ಟಳು, ಭುಜದ ಪಟ್ಟಿ ಸಾಲದೇ ಬಂತು. ಮೂರಿಂಚು ಕೂಡಿಸಿದೆ. ಎರಡು ಸಾಲು ಹೊಲಿಗೆ. ಜಪ್ಪಯ್ಯ ಅಂದ್ರೂ ಬಿಚ್ಚಲ್ಲ."

ತನ್ನ ಬೀದಿಯ ಮಕ್ಕಳು ಬೆಳೆದದ್ದು ಹೆತ್ತವರಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಪ್ಯಾಂಟಿನ ಅಂಚು ಬಿಚ್ಚಿ ಇಳಿಸಿ, ಸೊಂಟ ಸಡಿಲಿಸಿ, ಇನ್ನೊಂದು ವರ್ಷ ದೂಡಿಸಿಬಿಡುತ್ತಿದ್ದ. ಅದೇ ಬುದ್ಧಿಯನ್ನು ಇಲ್ಲಿಗೂ ಓಡಿಸಿದ್ದ, ಪುಣ್ಯಾತ್ಮ.

ಮೆಕ್ಯಾನಿಕ್ ಪಕ್ಕದಲ್ಲೇ ನಿಂತಿದ್ದ ಮಾಸ್ಟರನ ಆರು ವರ್ಷದ ಮಗಳು ಪುಟ್ಟಿಯನ್ನು ಸೀಟಿನಲ್ಲಿ ಕೂರಿಸಿದ. "ನೋಡಿ ಮಾಸ್ಟ್ರೇ. ಪಟ್ಟಿ ಹೊರಗೆ ಬರೋ ತೂತುಗಳಲ್ಲಿ ಎಲ್ಲಕ್ಕಿಂತ ಮೇಲಿರೋದೂ ಇವಳ ಭುಜಕ್ಕಿಂತ ಕೆಳಗಿದೆ. ಕಿವಿ ಸೀಟಿನ ತುದಿ ದಾಟಿದೆ. ಪಟ್ಟಿ ಗಿಡ್ಡ ಆಗಿದ್ದಲ್ಲ, ಮಗಳನ್ನು ಇಳಿಸ್ಕೋ ಅಂತ ಸೀಟೇ ಹೇಳ್ತಿದೆ."

"ಹೊಲಿಗೆ ಗಟ್ಟಿ ಇದೆಯಲ್ಲಣ್ಣಾ..."

ಮೆಕ್ಯಾನಿಕ್ ಪುಟ್ಟಿಯನ್ನು ಇಳಿಸಿ, ಸೀಟನ್ನು ನೆಲಕ್ಕೆ ತಂದ. ಪಟ್ಟಿಯೊಳಗೆ ಕಬ್ಬಿಣದ ಸಲಾಕೆ ತೂರಿಸಿ, ಸೀಟಿಗೆ ಕಾಲು ಕೊಟ್ಟು ಒಮ್ಮೆ ಮೀಟಿದ. ಪರ್ರನೆ ಎರಡು ಸಾಲೂ ಒಟ್ಟಿಗೇ ಬಿಚ್ಚಿಕೊಂಡವು.

ಮಾಸ್ಟರ್ ಬಿಚ್ಚಿಹೋದ ತುದಿಯನ್ನು ಕೈಗೆತ್ತಿಕೊಂಡ. ನಾಲ್ಕು ತಿಂಗಳಿಂದ ಪ್ರತಿ ವಾರ ಹೆದ್ದಾರಿಯಲ್ಲಿ ಅಜ್ಜಿಯ ಮನೆಗೆ ಈ ಹೊಲಿಗೆಯನ್ನೇ ನಂಬಿ ಮಗಳನ್ನು ಕರೆದೊಯ್ದಿದ್ದ. ಅವಳನ್ನು ಬಾಚಿ ತಬ್ಬಿಕೊಂಡ. "ಅಪ್ಪಾ, ಉಸಿರು ಕಟ್ಟುತ್ತೆ, ಬಿಡು!" ಎಂದು ಪುಟ್ಟಿ ಕೊಸರಾಡಿದಳು.

ಮೆಕ್ಯಾನಿಕ್ ಗ್ಯಾರೇಜಿನ ಒಳಗಿನಿಂದ ಮಕ್ಕಳನ್ನು ಎತ್ತರಿಸಿ ಕೂರಿಸುವ, ಬೆನ್ನೊರಗಿಲ್ಲದ ಸೀಟೊಂದನ್ನು ತಂದ. "ನನ್ನ ಮಗನದು. ಅವನು ಇದನ್ನೂ ದಾಟಿಬಿಟ್ಟ. ತಗೊಳ್ಳಿ." ಪುಟ್ಟಿಯನ್ನು ಅದರ ಮೇಲೆ ಕೂರಿಸಿ ಕಾರಿನದೇ ಬೆಲ್ಟ್ ಹಾಕಿದ. ಅದು ಕುತ್ತಿಗೆಗೆ ತಾಗದೆ ಭುಜದ ನಡುವೆ ಹಾದು, ತೊಡೆಯ ಮೇಲ್ಭಾಗದಲ್ಲಿ ಬಿಗಿಯಾಗಿ ಕೂತಿತು.

ಮಾಸ್ಟರನ ಕಣ್ಣು ತುಂಬಿ ಬಂತು. "ಅಣ್ಣಾ, ನನ್ನ ಮನೆ ಉಳಿಸಿದ್ರಿ. ಸಾಯೋವರೆಗೂ ಮರೆಯಲ್ಲ."

"ನಾನೇನು ಮಾಡಿದೆ? ಕಣ್ಣಿಗೆ ಬಿತ್ತು, ಹೇಳಿದೆ. ಈ ನಾಲ್ಕು ತಿಂಗಳು ನಿಮ್ಮ ಎದುರಿಗೆ ಬಂದೋರೆಲ್ಲ ನೆಟ್ಟಗೆ ಗಾಡಿ ಓಡಿಸಿದಾರಲ್ಲ, ಅದಕ್ಕೆ ಅವರಿಗೆ ಥ್ಯಾಂಕ್ಸ್ ಹೇಳಿ."

ಮನೆಯ ದಾರಿಯಲ್ಲಿ ಮಾಸ್ಟರ್ ಎದುರಿಗೆ ಬಂದ ಹಾಲಿನ ವ್ಯಾನಿಗೆ ಕೈ ಎತ್ತಿದ. ಆಮೇಲೆ ಲಾರಿಗೆ. ಆಮೇಲೆ ಕೆಂಪು ಕಾರಿನ ಮುದುಕಿಗೆ. ಆಕೆ ಗಲಿಬಿಲಿಗೊಂಡು ತಾನೂ ಕೈ ಎತ್ತಿದಳು.

"ಅಪ್ಪಾ, ಅವರೆಲ್ಲ ನಿನಗೆ ಗೊತ್ತಿರೋರಾ?"

"ಇಲ್ಲ ಕಣಮ್ಮಾ," ಎಂದ ಮಾಸ್ಟರ್. "ನಮಗೆ ಬೇಕಾದೋರು."