ಸಭೆಗೊಯ್ದ ದಿನ

ಸಭೆಗೆ ಯಾವ ಸೀರೆ ಉಡುವುದೆಂಬ ಘನಗಂಭೀರ ಪ್ರಶ್ನೆ ಇತ್ಯರ್ಥವಾಗಲು ಅರ್ಧ ಗಂಟೆ ಹಿಡಿಯಿತು.

ಇನ್ನುಳಿದದ್ದು ದಿನದ ಆಯ್ಕೆ. ನಡೆಯಲಾರದ ಪದ್ಮಕ್ಕ ತಾವು ಬದುಕಿದ ಒಂದು ದಿನವನ್ನು ಡಬ್ಬಿಯಲ್ಲಿ ಒಯ್ಯಬೇಕು. ಸಭೆಯಲ್ಲಿ ಸರಕಾರಿ ನೆರವಿನ ಅಧಿಕಾರಿ ಅದನ್ನು ತನ್ನ ಮೈಮೇಲೆ ಅನುಭವಿಸಿ, ಮನೆಗೊಬ್ಬ ಸಹಾಯಕಿಯನ್ನು ಕೊಡಬೇಕೋ ಬೇಡವೋ ತೀರ್ಮಾನಿಸುತ್ತಾನೆ.

"ಬಚ್ಚಲಲ್ಲಿ ಬಿದ್ದು ಸಂಜೆವರೆಗೆ ಅಲ್ಲೇ ಇದ್ದಿರಲ್ಲ, ಆ ದಿನವನ್ನೇ ತನ್ನಿ ಪದ್ಮಕ್ಕ," ಎಂದಳು ಜನರನ್ನು ಸಭೆಗೆ ಅಣಿಗೊಳಿಸುವ ಜೆಸಿಂತಾ.

"ಛೀ, ಪರಗಂಡಸಿಗೆ ಅದನ್ನು ತೋರಿಸ್ಲಿಕ್ಕುಂಟಾ ಮಾರಾಯ್ತಿ?"

"ತೋರಿಸಲೇಬೇಕು."

ಪದ್ಮಕ್ಕ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡರು. ಒಪ್ಪಿದರೆಂದೇ ಜೆಸಿಂತಾ ತಿಳಿದಳು.

ಸಭೆಯಲ್ಲಿ ಡಬ್ಬಿ ತೆರೆದ ಅಧಿಕಾರಿಯ ಮುಖ ಅರಳಿತು. "ಪಾಯಸ ಭಾರೀ ಲಾಯ್ಕಿತ್ತಮ್ಮ. ತಂಗಿ ಎತ್ತಿ ಕೂರಿಸ್ತಾರೆ, ತಲೆ ಬಾಚ್ತಾರೆ. ನಿಮಗೇನು ಕಮ್ಮಿ?"

ಅದು ವರ್ಷಕ್ಕೊಮ್ಮೆ ಬರುವ ತಂಗಿ ಬಂದಿದ್ದ ದಿನ. ಪದ್ಮಕ್ಕ ನೀಲಿ ಸೀರೆಯ ಸೆರಗು ಸರಿಮಾಡಿಕೊಂಡರು, ಜೆಸಿಂತಾಳತ್ತ ನೋಡಲಿಲ್ಲ.

ಸಹಾಯಕಿ ಮಂಜೂರಾಗಲಿಲ್ಲ.