ಪ್ರಮಾಣದ ಪುಸ್ತಕ

ಸಾಕ್ಷಿಯ ಕಟಕಟೆ ಹತ್ತಿದ ಒಡೆಸ್ಸಾ ಪ್ರಮಾಣ ಮಾಡಲು ಗುಮಾಸ್ತನ ಮೇಜಿನ ಮೇಲಿದ್ದ ಬೈಬಲಿನತ್ತ ಕೈ ಚಾಚಿದಳು. ಕೋರ್ಟಿನ ದಫೇದಾರ ಅದನ್ನು ಸರಕ್ಕನೆ ಎಳೆದು ಎದೆಗವಚಿಕೊಂಡ.

"ಏಯ್, ಮುಟ್ಟಬೇಡ! ಇದು ಬಿಳಿಯರದ್ದು. ನಿಮ್ಮದು ಬೇರೆ ಇದೆ."

ಆ ಬೇರೆಯದು ಎಲ್ಲಿದೆ ಎಂಬುದು ಮಾತ್ರ ಅವನಿಗೂ ಗೊತ್ತಿರಲಿಲ್ಲ. ಕಪಾಟು ತೆರೆದ, ಖಾನೆಗಳನ್ನೆಲ್ಲ ಎಳೆದು ನೋಡಿದ. ದಕ್ಷಿಣ ಕ್ಯಾರೊಲಿನಾದ ಆ ಕೋರ್ಟಿಗೆ ಕರಿಯರು ಆರೋಪಿಗಳಾಗಿ ಬಂದದ್ದೇ ಹೆಚ್ಚು. ಅವರ ಮಾತು ಯಾರಿಗೆ ಬೇಕಿತ್ತು? ದಫೇದಾರನ ಪರದಾಟ ನೋಡಿ ಮುಂದಿನ ಬೆಂಚಿನ ಬಿಳಿಯರು ಕಿಸಕ್ಕನೆ ನಕ್ಕರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಒಡೆಸ್ಸಾಳ ವಕೀಲ ಲೂಥರ್ ಪೆಟಿಗ್ರೂ ಎದ್ದು ನಿಂತ. ಅವನೂ ಕರಿಯನೇ. "ಸ್ವಾಮಿ, ಬಣ್ಣ ನೋಡಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಮಾಡೋ ಕಾನೂನು ಸಂವಿಧಾನಕ್ಕೇ ವಿರುದ್ಧ ಅಂತ ನಾವು ದಾವೆ ಹಾಕಿರೋದು. ದೇವರ ಪುಸ್ತಕದಲ್ಲೂ ಬೇರೆ ಬೇರೆ ಅಂದ್ರೆ ಹೇಗೆ?"

"ಪದ್ಧತಿ ಅಂದ್ರೆ ಪದ್ಧತಿ. ಪುಸ್ತಕ ಸಿಗದಿದ್ರೆ ಸಾಕ್ಷಿ ಇಲ್ಲ," ಎಂದರು ನ್ಯಾಯಾಧೀಶರು, ಗಡಿಯಾರ ನೋಡುತ್ತ.

ಒಡೆಸ್ಸಾ ಕಟಕಟೆ ಬಿಟ್ಟು ಇಳಿಯಲಿಲ್ಲ. ಮಗಳು ವರ್ಲೀನ್ ಹೇಗೆ ಸತ್ತಳೆಂದು ಸರ್ಕಾರದ ಕಾಗದದಲ್ಲಿ ಬರೆಸಲೆಂದೇ ಅವಳು ಬಂದಿದ್ದಳು. ಇವತ್ತು ತಪ್ಪಿದರೆ ಇನ್ನೆಂದೂ ಇಲ್ಲ.

ಕೊನೆಗೂ ಪುಸ್ತಕ ಸಿಕ್ಕಿತು. ಪಕ್ಕದ ಕೋಣೆಯ ಕುಂಟುಮೇಜಿನ ಕಾಲಿಗೆ ಅದನ್ನು ಒತ್ತುಕೊಟ್ಟಿದ್ದರು. ಒಡೆಸ್ಸಾ ಕರವಸ್ತ್ರದಿಂದ ಧೂಳು ಒರೆಸಿ, ಅದರ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದಳು.

"ಬಿಳಿ ಮಕ್ಕಳಿಗೆ ಬಸ್ಸಿದೆ, ಸ್ವಾಮಿ. ನಮ್ಮ ಮಕ್ಕಳು ತೂತುದೋಣೀಲಿ ಹೊಳೆ ದಾಟಬೇಕು. ಹಳೇದಾದ್ರೂ ಸರಿ, ಒಂದು ಬಸ್ ಕೊಡಿ ಅಂತ ಶಾಲೆಗಳ ಸಾಹೇಬರ ಹಿತ್ತಿಲ ಬಾಗಿಲಿಗೆ ಮೂರು ಸಲ ಹೋದೆ. ನೋಡೋಣ ಅಂದ್ರು. ಮುಂದಿನ ವಾರವೇ ಹೊಳೆ ತುಂಬ್ತು, ದೋಣಿ ಮಗುಚ್ತು. ನನ್ನ ವರ್ಲೀನ್‌ಗೆ ಒಂಬತ್ತು ವರ್ಷ. ಎರಡು ದಿನ ಆದ್ಮೇಲೆ ಸಿಕ್ಕಿದಳು, ಪುಸ್ತಕದ ಚೀಲ ಹೆಗಲಲ್ಲೇ ಇತ್ತು."

ಕರಿಯರು ಕೂರುವ ಮೇಲಟ್ಟದಲ್ಲಿ ಯಾರೋ ಬಿಕ್ಕಿದರು. ಬಿಳಿಯರ ನಗು ನಿಂತಿತ್ತು. ಒಡೆಸ್ಸಾ ಇಳಿದು ವಕೀಲನ ಪಕ್ಕ ಕೂತಳು.

ಮುಂದೆ ಊರಿನ ಶಾಲೆಗಳಿಗೆಲ್ಲ ಮೇಲಧಿಕಾರಿಯಾದ ಆ ಸಾಹೇಬರ ಸರದಿ. ಅವರಿಗೆ ದಫೇದಾರ ಬಿಳಿಯರ ಬೈಬಲನ್ನು ಎರಡೂ ಕೈಯಲ್ಲಿ ಹಿಡಿದ. ಚರ್ಮದ ರಟ್ಟು, ಹಾಳೆಯ ಅಂಚಿಗೆ ಚಿನ್ನದ ಬಣ್ಣ. ಸಾಹೇಬರು ಅಂಗೈ ಊರಿ, ನಿಜವನ್ನೇ ಹೇಳುತ್ತೇನೆ, ನಿಜವನ್ನಲ್ಲದೆ ಬೇರೇನೂ ಹೇಳುವುದಿಲ್ಲ ಎಂದರು.

"ಬಸ್ ಬೇಕು ಅಂತ ಈ ಹೆಂಗಸು ನಿಮ್ಮನ್ನ ಕೇಳಿದ್ದಳಾ?" ಎಂದ ಸರ್ಕಾರದ ವಕೀಲ.

"ಯಾರೂ ಕೇಳಿಲ್ಲ. ಈ ಹೆಂಗಸನ್ನ ನಾನು ನೋಡ್ತಿರೋದೇ ಇವತ್ತು."

ಹನ್ನೊಂದು ವರ್ಷ ಆ ಮನುಷ್ಯನ ಅಂಗಿಗಳನ್ನು ಒಗೆದು ಗಂಜಿ ಹಾಕಿದವಳು ಒಡೆಸ್ಸಾ. ನ್ಯಾಯಾಧೀಶರು ತಲೆಯಾಡಿಸಿ ಉತ್ತರ ಬರೆದುಕೊಂಡರು. ಅವಳು ಕೂತಲ್ಲಿಂದ ಅರ್ಧ ಎದ್ದಳು.

ಪೆಟಿಗ್ರೂ ಅವಳ ಕಡೆ ಬಾಗಿದ. "ತಾಳ್ಕೊಳ್ಳಿ, ಒಡೆಸ್ಸಮ್ಮ. ಇಲ್ಲಿ ಸೋತ್ರೂ ಮೇಲೆ ಕೋರ್ಟಿದೆ."

"ತಾಳದೆ ಏನ್ಮಾಡ್ಲಿ, ಲಾಯರಪ್ಪಾ," ಎಂದಳು ಒಡೆಸ್ಸಾ. "ಎರಡು ಬೈಬಲ್ ಯಾಕೆ ಇಟ್ಟಿದಾರೆ ಅಂತ ಈಗ ತಿಳೀತು. ಸುಳ್ಳು ಹೇಳೋಕೂ ಒಂದು ಬೇಕಲ್ಲ."